ಕೈಯಿಂದ ಜಾರಿದ ಪೆನ್ನು

ಮೂರು ತಿಂಗಳು ಕೂತು ನಾನೇ ಮಾಡಿದ ಲೆಕ್ಕವನ್ನು ಇವತ್ತು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಎದ್ದು ಬಂದು, "ಇರಮ್ಮ, ಎಲ್ಲರಿಗೂ ಅರ್ಥವಾಗುವ ಹಾಗೆ ನಾನು ಹೇಳುತ್ತೇನೆ" ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಹೇಳಿದ್ದು ನನ್ನದೇ ಮಾತು, ಅದರಲ್ಲೂ ಒಂದು ಅಂಕಿ ತಪ್ಪು. ತಿದ್ದಲು ಹೋದರೆ, "ಇಷ್ಟಕ್ಕೆಲ್ಲ ಬೇಸರ ಮಾಡಿಕೊಳ್ಳಬಾರದಮ್ಮ" ಎಂದು ನಕ್ಕರು. ಬೇಸರದ ಸುದ್ದಿಯನ್ನೇ ನಾನು ಎತ್ತಿರಲಿಲ್ಲ. ಅಂಕಿ ತಪ್ಪಿದೆ ಎಂದಿದ್ದೆ, ಅಷ್ಟೆ.

ನನಗಿಂತ ಹತ್ತು ವರ್ಷ ಕಿರಿಯ ಹುಡುಗನನ್ನು ಅವರು 'ಸರ್' ಎಂದೇ ಕರೆಯುತ್ತಾರೆ.

1975ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಡಾನ್ ಝಿಮ್ಮರ್‌ಮನ್ ಮತ್ತು ಕ್ಯಾಂಡೇಸ್ ವೆಸ್ಟ್ ಗಂಡು-ಹೆಣ್ಣಿನ ನಡುವಿನ 11 ಸಂಭಾಷಣೆಗಳನ್ನು ಕೇಳಿ ಎಣಿಸಿದ್ದರು. ಮಾತಿನ ನಡುವೆ ಬಾಯಿ ಹಾಕಿದ್ದು ಒಟ್ಟು 48 ಸಲ, ಅದರಲ್ಲಿ 46 ಸಲ ಗಂಡಸರು. ಸಣ್ಣ ಅಧ್ಯಯನ ನಿಜ, ಅದೊಂದನ್ನೇ ಹಿಡಿದು ಲೋಕವನ್ನೆಲ್ಲ ಅಳೆಯಲಾಗದು. ಆದರೂ ಆ ಅಂಕಿ ಓದಿದಾಗ ನನಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

ಇವತ್ತು ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆಯೇ. ಪೆನ್ನು ಹೋದ ಮೇಲೆ ಖಾಲಿ ಕೈ ಕಟ್ಟಿಕೊಂಡು, ನನ್ನದೇ ಲೆಕ್ಕಕ್ಕೆ ತಲೆಯಾಡಿಸುತ್ತ ನಿಂತಿದ್ದೆ. ಎದುರಿಗೆ ಕೂತ ಒಂಬತ್ತು ಜನರಲ್ಲಿ ಒಬ್ಬರೂ "ಅವರು ಮುಗಿಸಲಿ" ಎನ್ನಲಿಲ್ಲ. ಎರಡೇ ಪದ.

ನಾಳೆ ಹೊಸದಾಗಿ ಸೇರಿದ ಹುಡುಗಿ ಮೊದಲ ಸಲ ಮಾತಾಡುವವಳಿದ್ದಾಳೆ. ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಆ ಎರಡು ಪದ ಈಗಲೇ ನನ್ನ ನಾಲಿಗೆಯ ತುದಿಯಲ್ಲಿವೆ.