ನೀನು ಸರಿಯಾಗಿ ಒತ್ತಲ್ಲ ಅಮ್ಮ

ಈ ವಾರವಿಡೀ ಒಂದು ಮಾತು ನನ್ನನ್ನು ಬಿಟ್ಟು ಹೋಗುತ್ತಿಲ್ಲ. ಬೇರೆ ಯಾರೂ ಆಡಿದ್ದಲ್ಲ, ನಾನೇ ಆಡಿದ್ದು.

ಭಾನುವಾರ ಬೆಳಿಗ್ಗೆ ಅಮ್ಮ ಫೋನ್ ಹಿಡಿದುಕೊಂಡು ಬಂದಳು. "ರಾತ್ರಿ ಏನೋ ಅಪ್‌ಡೇಟ್ ಆಯ್ತಂತೆ. ಆಗಿನಿಂದ ಒತ್ತಿದರೆ ಕೇಳಿಸಿಕೊಳ್ಳಲ್ಲ ಕಣೇ ಇದು. ಒಂದೊಂದು ಸಲ ತಾನೇ ಕಟ್ ಮಾಡಿಬಿಡುತ್ತೆ" ಅಂದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಫೋನ್ ಯಾಕೆ ತಾನಾಗಿ ಕಟ್ ಮಾಡುತ್ತೆ? ನೀನು ಸರಿಯಾಗಿ ಒತ್ತಲ್ಲ ಅಮ್ಮ" ಅಂದೆ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಪರದೆಯನ್ನು ಅಂಗೈಯಿಂದ ಒಮ್ಮೆ ಒರೆಸಿಕೊಂಡು ಒಳಗೆ ಹೋದಳು.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬಳಸುವವರು ಹೇಳಿದ್ದನ್ನು ಮೊದಲು ನಂಬಿ, ಆಮೇಲೆ ಪರೀಕ್ಷೆ ಮಾಡಿ ಅಂತ ಹೊಸದಾಗಿ ಸೇರಿದವರಿಗೆ ಹೇಳಿಕೊಡುವವಳು ನಾನು.

ಸೋಮವಾರ ಸಂಜೆ ದೊಡ್ಡಮ್ಮನ ಫೋನ್ ಬಂತು, ನನಗೆ. "ನಿಮ್ಮಮ್ಮ ನಿನ್ನೆಯಿಂದ ನಾಲ್ಕು ಸಲ ನನ್ನ ಫೋನ್ ಎತ್ತಿ ಕಟ್ ಮಾಡಿದಾಳೆ. ಮಾತಾಡೋಕೆ ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳಲಿ." ದೊಡ್ಡಮ್ಮನಿಗೆ ಮುನಿಸು ಬೇಗ ಬರುತ್ತದೆ. ಬಂದ ಮೇಲೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಆದರೆ ದಿನಾ ಫೋನ್ ಮಾಡಿ ಅಮ್ಮನ ಮೊಣಕಾಲು ನೋವು ವಿಚಾರಿಸುವುದೂ ಅವರೊಬ್ಬರೇ. ಎತ್ತಿ ಕಟ್ ಮಾಡುವುದು ಅಂದರೆ ಎತ್ತದೇ ಇರುವುದಕ್ಕಿಂತ ದೊಡ್ಡ ಅವಮಾನ ಅಲ್ವಾ? ಒಳಗೆ ಅಮ್ಮ ಮಂಕಾಗಿ ಕೂತಿದ್ದಳು. ತಿರುಗಿ ಮಾಡಿದರೆ ಅಕ್ಕ ಎತ್ತುತ್ತಿಲ್ಲ ಅಂದಳು.

ಆಗ ಎದ್ದೆ. ಭಾನುವಾರವೇ ಏಳಬೇಕಿತ್ತು.

ಮೇಜಿನ ಮೇಲೆ ಪುಸ್ತಕಗಳ ಎರಡು ಅಟ್ಟಿ ಮಾಡಿ, ನನ್ನ ಫೋನನ್ನು ಅವುಗಳ ಮೇಲೆ ಅಡ್ಡ ಇಟ್ಟೆ. ಕ್ಯಾಮೆರಾ ಕೆಳಗೆ ನೋಡುವ ಹಾಗೆ. ಸ್ಲೋ ಮೋಷನ್‌ನಲ್ಲಿ ಅದು ಸೆಕೆಂಡಿಗೆ 240 ಚಿತ್ರ ಹಿಡಿಯುತ್ತದೆ. ಅಂದರೆ ಒಂದೊಂದು ಚಿತ್ರದ ನಡುವೆ ಸುಮಾರು 4 ಮಿಲಿಸೆಕೆಂಡ್. ದುಬಾರಿ ಉಪಕರಣ ಏನೂ ಬೇಡ, ಎಣಿಸುವ ತಾಳ್ಮೆ ಇದ್ದರೆ ಸಾಕು. ಅಮ್ಮನ ಫೋನನ್ನು ಕ್ಯಾಮೆರಾದ ಕೆಳಗಿಟ್ಟು, ಅಪ್ಪನ ಫೋನಿಂದ ಕರೆ ಮಾಡಿಸಿದೆ. "ದಿನಾ ಹೇಗೆ ಎತ್ತುತ್ತೀಯೋ ಹಾಗೇ ಎತ್ತು" ಅಂದೆ.

ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಅಮ್ಮನ ಬೆರಳು ಮೇಲಿನಿಂದ ಬರುತ್ತದೆ. ಹಸಿರು ಗುಂಡಿಯ ಮೇಲೆ ಕೂರುತ್ತದೆ. ಒತ್ತುತ್ತದೆ, ಉಗುರು ಬೆಳ್ಳಗಾಗುವಷ್ಟು. ಏಳುತ್ತದೆ. ಪರದೆಯ ಮೇಲೆ ಏನೂ ಆಗುವುದಿಲ್ಲ. ಬೆರಳು ಗಾಳಿಯಲ್ಲಿ ಹಾಗೇ ನಿಲ್ಲುತ್ತದೆ, ಚೂರು ನಡುಗುತ್ತದೆ. ಇನ್ನೂ ಏನೂ ಇಲ್ಲ. ಬೆರಳು ಮತ್ತೆ ಇಳಿಯಲು ಶುರು ಮಾಡುತ್ತದೆ. ಅದು ಇಳಿಯುತ್ತಿರುವಾಗ, ಇನ್ನೂ ಗಾಜು ಮುಟ್ಟುವ ಮೊದಲು, ಹಸಿರು ಗುಂಡಿ ಮಾಯವಾಗಿ ಅದೇ ಜಾಗದಲ್ಲಿ ಕೆಂಪು ಗುಂಡಿ ಮೂಡುತ್ತದೆ. ಬೆರಳು ಕೆಂಪಿನ ಮೇಲೆ ಕೂರುತ್ತದೆ. ಕರೆ ಕಟ್.

ಅಮ್ಮ ಎರಡು ಸಲವೂ ಸರಿಯಾಗಿಯೇ ಒತ್ತಿದ್ದಳು. ಮೊದಲನೆಯ ಸಲ ಒತ್ತಿದ್ದಕ್ಕೆ ಫೋನ್ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ಹೊತ್ತಿಗೆ ಅವಳು ಎರಡನೆಯ ಸಲ ಕೇಳುತ್ತಿದ್ದಳು.

ಇನ್ನೊಂದು ಸಂಗತಿ ನೋಡಿ ನನಗೆ ಸಂಕಟವಾಯಿತು. ಅಮ್ಮ ಮುಂಚೆ ಅಷ್ಟು ಬಲವಾಗಿ ಒತ್ತುತ್ತಿರಲಿಲ್ಲ. ನಾನು "ಸರಿಯಾಗಿ ಒತ್ತಲ್ಲ" ಅಂದ ಮೇಲೆ ಶುರುವಾಗಿದ್ದು ಅದು. ಈಗಿನ ಪರದೆಗಳಿಗೆ ಬಲ ಗೊತ್ತಾಗುವುದಿಲ್ಲ. ಬೆರಳು ತಾಗಿದಾಗ ಅಲ್ಲಿನ ವಿದ್ಯುತ್ ಚಾರ್ಜ್‌ನಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅವು ಗುರುತಿಸುತ್ತವೆ, ಅಷ್ಟೇ. ಒತ್ತಿ ಹಿಡಿದರೆ ಇನ್ನೂ ತೊಂದರೆ. ಸುಮಾರು ಅರ್ಧ ಸೆಕೆಂಡ್ ಹಿಡಿದರೆ ಅದನ್ನು ಬೇರೆಯೇ ಅರ್ಥದ ಒತ್ತು ಅಂದುಕೊಳ್ಳುತ್ತವೆ.

ಎಣಿಸಿದೆ. ಹತ್ತು ಸಲ ಮಾಡಿದಾಗ ಬೆರಳು ತಾಗಿದ್ದರಿಂದ ಪರದೆ ಬದಲಾಗುವ ತನಕ ಸರಾಸರಿ 216 ಚಿತ್ರ. ಅಂದರೆ 0.9 ಸೆಕೆಂಡ್. ಬೆರಳು ತಾಗಿದ ಚಿತ್ರ ಯಾವುದು ಅಂತ ಕಣ್ಣಲ್ಲೇ ನೋಡಿ ಹೇಳಬೇಕು, ಹಾಗಾಗಿ ಎರಡು ಮೂರು ಚಿತ್ರ ಆಚೀಚೆ ಇರಬಹುದು. 0.9 ಸೆಕೆಂಡ್ ಏನು ಮಹಾ ಅನ್ನಿಸಬಹುದು. ಆದರೆ ಸುಮಾರು 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಮಾತ್ರ ನಮಗೆ ಅದು ತಕ್ಷಣ ಆದ ಹಾಗೆ ಅನ್ನಿಸುತ್ತದೆ, 1 ಸೆಕೆಂಡ್ ದಾಟಿದರೆ ಮಾಡುತ್ತಿದ್ದ ಕೆಲಸದ ಎಳೆ ತಪ್ಪುತ್ತದೆ ಅಂತ, ಜನ ಕಂಪ್ಯೂಟರ್ ಬಳಸುವ ಬಗೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿಟ್ಟಿದ್ದಾರೆ. ರಿಂಗ್ ಆಗುತ್ತಿರುವ ಫೋನಿನ ಮುಂದೆ 0.9 ಸೆಕೆಂಡ್ ತುಂಬಾ ದೊಡ್ಡದು.

ಇಷ್ಟಾದರೂ ಅಪ್‌ಡೇಟ್‌ನಿಂದಲೇ ಹೀಗಾಯಿತು ಅಂತ ಹೇಳುವ ಹಾಗಿರಲಿಲ್ಲ. ಮುಂಚೆ ಎಷ್ಟಿತ್ತು ಅಂತ ಅಳೆದಿಟ್ಟಿರಲಿಲ್ಲವಲ್ಲ. ಆಗ ಚಿಕ್ಕಮ್ಮನ ನೆನಪಾಯಿತು. ಅಮ್ಮ, ಚಿಕ್ಕಮ್ಮ ಇಬ್ಬರೂ ಒಂದೇ ದಿನ ಒಂದೇ ಮಾಡೆಲ್ ತಗೊಂಡವರು. ಚಿಕ್ಕಮ್ಮ ಅಪ್‌ಡೇಟ್ ಮಾಡಿರಲಿಲ್ಲ. ರಾತ್ರಿಯೇ ಹೋಗಿ ಅವರ ಫೋನ್ ಅಳೆದೆ. 72 ಚಿತ್ರ, 0.3 ಸೆಕೆಂಡ್. ಅಮ್ಮನದರ ಮೂರರಲ್ಲಿ ಒಂದು ಪಾಲು.

ಮಂಗಳವಾರ ಸಹಾಯವಾಣಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗ ಎರಡು ಮೂರು ದಿನ ಕಾಯಿರಿ, ಸರಿಹೋಗುತ್ತೆ ಅಂದ. ಅದು ತಪ್ಪು ಸಲಹೆ ಅಲ್ಲ. ಅಪ್‌ಡೇಟ್ ಆದ ಮೇಲೆ ಫೋನ್ ಎಲ್ಲ ಆ್ಯಪ್‌ಗಳನ್ನೂ ಹೊಸ ವ್ಯವಸ್ಥೆಗೆ ಹೊಂದಿಸಿಕೊಳ್ಳಬೇಕು, ಫೋಟೋಗಳ ಪಟ್ಟಿ ಮತ್ತೆ ಮಾಡಿಕೊಳ್ಳಬೇಕು. ಈ ಕೆಲಸ ಹೆಚ್ಚಾಗಿ ಚಾರ್ಜಿಗೆ ಹಾಕಿ ಸುಮ್ನೆ ಬಿಟ್ಟಾಗ ನಡೆಯುತ್ತದೆ. ಮೊದಲ ಒಂದೆರಡು ದಿನ ಫೋನ್ ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಅದಕ್ಕೇ. ಆದರೆ ಆ ಹುಡುಗ ಏನು ತೊಂದರೆ ಅಂತ ಪೂರ್ತಿ ಕೇಳಲೇ ಇಲ್ಲ. ಕಟ್ ಆಗುವ ವಿಷಯ ಹೇಳಲು ಹೋದರೆ "ಪರದೆಯನ್ನು ಸರಿಯಾಗಿ ಮುಟ್ಟುತ್ತಿದ್ದೀರಾ ಮೇಡಂ?" ಅಂದ. ನನ್ನ ಮಾತು ನನಗೇ ವಾಪಸ್ ಬಂತು.

ಭಾವ ಇನ್ನೂ ಒಂದು ಹೆಜ್ಜೆ ಮುಂದೆ. ಫೋನಿನ ವೇಗಕ್ಕೆ ಅಂಕ ಕೊಡುವ ಬೆಂಚ್‌ಮಾರ್ಕ್ ಆ್ಯಪ್ ಹಾಕಿ ಓಡಿಸಿದರು. ಅಂಕ ಸರಿಯಾಗಿಯೇ ಬಂತು. "ನೋಡು, ಫೋನ್ ಚೆನ್ನಾಗಿಯೇ ಇದೆ, ಅತ್ತೆಗೆ ಹಾಗನ್ನಿಸುತ್ತೆ ಅಷ್ಟೇ" ಅಂದರು. ಭಾವ ಒಳ್ಳೆಯವರು, ಆದರೆ ಅಂಕ ಕಂಡರೆ ಸಾಕು ಅವರಿಗೆ. ಆ ಆ್ಯಪ್ ಅಳೆಯುವುದು ಪ್ರೊಸೆಸರಿನ ದಮ್ಮು. ಮಲಗಿದ್ದ ಫೋನ್ ಎದ್ದು ಒಂದು ಗುಂಡಿಗೆ ಎಷ್ಟು ಬೇಗ ಓಗೊಡುತ್ತದೆ ಅನ್ನುವುದು ಆ ಅಂಕದಲ್ಲಿ ಕಾಣುವುದಿಲ್ಲ.

ಎರಡು ರಾತ್ರಿ ಚಾರ್ಜಿಗೆ ಹಾಕಿಟ್ಟು ಬುಧವಾರ ಮತ್ತೆ ಅಳೆದೆ. 168 ಚಿತ್ರ, 0.7 ಸೆಕೆಂಡ್. ಕಾಯಿರಿ ಅಂದಿದ್ದರಲ್ಲಿ ಅಷ್ಟು ಸತ್ಯ ಇತ್ತು. ಮಿಕ್ಕಿದ್ದು ಎಲ್ಲಿಂದ ಬಂತು? ಸ್ಟೋರೇಜ್ ತೆಗೆದು ನೋಡಿದೆ. 64 ಜಿಬಿಯಲ್ಲಿ ಒಂದು ಜಿಬಿ ಕೂಡ ಉಳಿದಿರಲಿಲ್ಲ. ಫೋನಿನ ಸ್ಟೋರೇಜ್ ಅಂದರೆ ಫ್ಲ್ಯಾಶ್ ಮೆಮೊರಿ, ಅದರಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲು ಆಗುವುದಿಲ್ಲ, ಮೊದಲು ಅಳಿಸಿ ಜಾಗ ಮಾಡಬೇಕು. ಕಿಕ್ಕಿರಿದ ಕೋಣೆಯಲ್ಲಿ ಒಂದು ಕುರ್ಚಿ ಹಾಕಬೇಕಾದರೆ ನಾಲ್ಕು ಸಾಮಾನು ಸರಿಸಬೇಕಲ್ಲ, ಹಾಗೆ. ಮುಂಚೆಯೂ ಸ್ಟೋರೇಜ್ ಹೆಚ್ಚುಕಡಿಮೆ ತುಂಬಿಯೇ ಇದ್ದಿರಬೇಕು. ಅಪ್‌ಡೇಟ್ ಬಂದು ಇದ್ದಬದ್ದ ಜಾಗಕ್ಕೂ ಕೈ ಹಾಕಿತು. ಅಮ್ಮನ ಪಕ್ಕ ಕೂತು ಯಾರ್ಯಾರೋ ಕಳಿಸಿದ ವಿಡಿಯೋ ಎಲ್ಲ ಅಳಿಸಿದೆ. ಮಕ್ಕಳದ್ದು ಒಂದನ್ನೂ ಅಳಿಸಲು ಬಿಡಲಿಲ್ಲ, ಅವನ್ನು ಬೇರೆ ಕಡೆ ನಕಲು ಮಾಡಿಟ್ಟೆ. ಗುರುವಾರ 110 ಚಿತ್ರಕ್ಕೆ ಇಳಿಯಿತು.

ಅಷ್ಟರಲ್ಲಿ ಚಿಕ್ಕಮ್ಮ "ನನ್ನದೂ ಅಪ್‌ಡೇಟ್ ಮಾಡಿ ನೋಡು, ನಿನಗೆ ಲೆಕ್ಕ ಸಿಗುತ್ತೆ" ಅಂತ ಬುಧವಾರ ರಾತ್ರಿಯೇ ಫೋನ್ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಟೆಸ್ಟಿಂಗ್ ಬುದ್ಧಿ ಇರುವುದು ಅವರಿಗೇ. ಅವರ ಫೋನಿನಲ್ಲಿ ಜಾಗ ಬೇಕಾದಷ್ಟಿತ್ತು. ಶುಕ್ರವಾರ ಅಳೆದಾಗ 96 ಚಿತ್ರ, ಅಂದರೆ 72 ಇದ್ದಿದ್ದು 96 ಆಯಿತು. ಅಪ್‌ಡೇಟ್ ತಾನಾಗಿ ಸೇರಿಸಿದ್ದು ಅಂದಾಜು 0.1 ಸೆಕೆಂಡ್. ಅದೂ ಎಲ್ಲಿಂದ ಅಂತ ವಿಡಿಯೋದಲ್ಲೇ ಕಂಡಿತು. ಹೊಸ ಕರೆಯ ಪರದೆ ಮೆಲ್ಲಗೆ ಅರಳಿಕೊಂಡು ಬರುತ್ತದೆ. ನೋಡಲು ಚಂದ. ಸೆಟ್ಟಿಂಗ್ಸ್‌ನಲ್ಲಿ ಆ್ಯನಿಮೇಷನ್ ಆಫ್ ಮಾಡಿದೆ. ಎರಡೂ ಫೋನ್ 80ರ ಹತ್ತಿರ ಬಂದು ನಿಂತವು.

ಅಪ್‌ಡೇಟ್ ಮಾಡಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವುದು ಅದೇ. ಮಾಡುವ ಮುಂಚೆ ಜಾಗ ಖಾಲಿ ಮಾಡಿ, ಎರಡು ದಿನ ಬಿಟ್ಟು ನೋಡಿ. ನನಗೆ ಸಿಟ್ಟಿರುವುದು "ಹಾಗನ್ನಿಸುತ್ತೆ ಅಷ್ಟೇ" ಅನ್ನುವ ಮಾತಿನ ಮೇಲೆ. ಐಫೋನ್‌ ಕಥೆ ನೆನಪಿದೆಯಾ? ಹಳೆಯ ಫೋನ್ ನಿಧಾನ ಆಗಿದೆ ಅಂತ ಜನ ಹೇಳುತ್ತಲೇ ಇದ್ದರು. 2017ರ ಡಿಸೆಂಬರಿನಲ್ಲಿ ಗೀಕ್‌ಬೆಂಚ್‌ ಅನ್ನುವ ಬೆಂಚ್‌ಮಾರ್ಕ್ ಆ್ಯಪ್ ಮಾಡಿದ ಜಾನ್ ಪೂಲ್ ಅಂಕಿಗಳನ್ನು ಮುಂದಿಟ್ಟರು. ಎರಡೇ ದಿನದಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದ ಫೋನ್‌ಗಳು ಏಕಾಏಕಿ ಆಫ್ ಆಗದಿರಲಿ ಅಂತ, ಆ ವರ್ಷದ ಶುರುವಿನಲ್ಲಿ ಬಂದ ಐಒಎಸ್ 10.2.1 ಅಪ್‌ಡೇಟ್ ಅವುಗಳ ವೇಗ ತಗ್ಗಿಸುತ್ತಿತ್ತು. ಕಾರಣ ನ್ಯಾಯವಾದದ್ದೇ. ಹೇಳದೇ ಮಾಡಿದ್ದು ತಪ್ಪು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿದ್ದೂ ಗ್ರಾಹಕರಿಗೆ ಹೇಳಲಿಲ್ಲ ಅನ್ನುವುದಕ್ಕೇ. ಅಲ್ಲಿಯವರೆಗೆ ಅಷ್ಟೂ ಜನಕ್ಕೆ ಬರೀ ಅನ್ನಿಸಿತ್ತೇ? ದಿನಕ್ಕೆ ನೂರು ಸಲ ಅದೇ ಗಾಜು ಮುಟ್ಟುವ ಬೆರಳಿಗೆ ವ್ಯತ್ಯಾಸ ಗೊತ್ತಾಗದೇ ಇರುತ್ತಾ? ಅಂಕಿ ತಂದವರ ಮಾತು ನಂಬುತ್ತೇವೆ. ಬೆರಳಿನ ಮಾತು ನಂಬುವುದಿಲ್ಲ. ಅಮ್ಮ ಭಾನುವಾರವೇ ಎಲ್ಲ ಹೇಳಿದ್ದಳು. ಒತ್ತಿದರೆ ಕೇಳಿಸಿಕೊಳ್ಳಲ್ಲ, ಒಂದೊಂದು ಸಲ ಕಟ್ ಮಾಡಿಬಿಡುತ್ತೆ. ನಾನು ಐದು ದಿನ ಅಳೆದು ತಿಳಿದುಕೊಂಡಿದ್ದೂ ಅಷ್ಟೇ, ಎಷ್ಟು ಸೆಕೆಂಡ್ ಅನ್ನುವುದೊಂದು ಬಿಟ್ಟು.

ವಿಡಿಯೋವನ್ನು ದೊಡ್ಡಮ್ಮನಿಗೆ ಕಳಿಸಿದೆ. ಏನೂ ಉತ್ತರ ಬರಲಿಲ್ಲ. ನಿನ್ನೆ ಸಂಜೆ ಅಮ್ಮನ ಫೋನ್ ರಿಂಗ್ ಆಯಿತು. ಅಮ್ಮ ಹೆಸರು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಒತ್ತಿದಳು, ಉಗುರು ಬೆಳ್ಳಗಾಗುವಷ್ಟು. ತಕ್ಷಣ ಆ ಕಡೆಯಿಂದ ದೊಡ್ಡಮ್ಮನ ದನಿ ಬಂತು.

ಮುಕ್ಕಾಲು ಗಂಟೆ ಮಾತಾಡಿದರು. ಫೋನ್ ಇಟ್ಟ ಮೇಲೆ ಹತ್ತಿರ ಹೋಗಿ, "ಅಷ್ಟು ಒತ್ತಬೇಡ ಅಮ್ಮ, ಮೆತ್ತಗೆ ಮುಟ್ಟಿದರೆ ಸಾಕು" ಅಂದೆ.

"ಸರಿಯಾಗಿ ಒತ್ತಲ್ಲ ಅಂತ ನೀನೇ ಹೇಳಿದ್ಯಲ್ಲೇ" ಅಂದಳು.