ಹೊಟ್ಟೆ ಸರಿ ಇಲ್ಲ ಅಂದೆ

2024ರ ಬೂದಿ ಬುಧವಾರ ಫೆಬ್ರವರಿ 14ಕ್ಕೆ ಬಿತ್ತು. ಪ್ರೇಮಿಗಳ ದಿನ. ಬೆಳಗಿನ ಪೂಜೆ ಮುಗಿಸಿ ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬಂದರೆ ಬಸ್ ಸ್ಟಾಪಿನಲ್ಲಿ ಕಾಲೇಜು ಹುಡುಗನೊಬ್ಬ ನಿಂತಿದ್ದ. ಅವನ ಹಣೆಯಲ್ಲೂ ಬೂದಿ. ಬ್ಯಾಗಿನಿಂದ ಒಂದು ಗುಲಾಬಿ ಇಣುಕುತ್ತಿತ್ತು. ನನ್ನನ್ನು ನೋಡಿದ್ದೇ ಗುಲಾಬಿಯನ್ನು ಒಳಗೆ ತಳ್ಳಿದ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ನಮ್ಮ ಕ್ರೈಸ್ತರಿಗೆ ತಪಸ್ಸುಕಾಲ, ಉಪವಾಸದ ದಿನಗಳು. ಅವನದು ಹೇಗೆ ಕಳೆಯಿತೋ, ನನ್ನದನ್ನು ಹೇಳುತ್ತೇನೆ.

ಈ ಬೂದಿ ಎಲ್ಲಿಂದ ಬರುತ್ತೆ ಅಂತ ಆಫೀಸಿನಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹಿಂದಿನ ವರ್ಷ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಒಂದು ವಾರ ಮುಂಚೆ, ಹಿಡಿದು ನಡೆದ ತೆಂಗಿನ ಗರಿಯನ್ನು ಮನೆಗೆ ತಂದು ಯೇಸುವಿನ ಪಟದ ಹಿಂದೆ ಸಿಕ್ಕಿಸಿಡುತ್ತೇವೆ. ಅದು ವರ್ಷವಿಡೀ ಅಲ್ಲೇ ಒಣಗುತ್ತದೆ. ಹಲ್ಲಿಗಳಿಗೆ ಅದು ಒಳ್ಳೇ ಜಾಗ. ತಪಸ್ಸುಕಾಲ ಹತ್ತಿರ ಬಂದಾಗ ಚರ್ಚಿಗೆ ವಾಪಸ್ ಕೊಟ್ಟರೆ ಅಲ್ಲಿ ಸುಟ್ಟು ಬೂದಿ ಮಾಡುತ್ತಾರೆ. ನೀನು ಮಣ್ಣು, ಮಣ್ಣಿಗೇ ಮರಳುವೆ ಅನ್ನುವುದನ್ನು ನೆನಪಿಸಿ ಹಣೆಗೆ ಹಚ್ಚುತ್ತಾರೆ. ತಮಾಷೆ ಏನೆಂದರೆ ಅವತ್ತೇ ಓದುವ ಶುಭಸಂದೇಶ ಬೈಬಲಿನ ಮತ್ತಾಯನ 6ನೇ ಅಧ್ಯಾಯದ್ದು. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಊರಿಗೆಲ್ಲ ತೋರಿಸಬೇಡ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ ಅಂತ. ಅದನ್ನು ಕೇಳಿಸಿಕೊಂಡು ಎದ್ದು ಹೋಗಿ, ಹಣೆಗೆ ಬೂದಿ ಹಚ್ಚಿಸಿಕೊಂಡು ರಸ್ತೆಗೆ ಬರುತ್ತೇವೆ! ಈ ಗೊಂದಲ ನನಗೆ ಇನ್ನೂ ಬಗೆಹರಿದಿಲ್ಲ. ಮುಂದೆ ನಾನು ಮಾಡಿಕೊಂಡ ಎಡವಟ್ಟಿಗೂ ಇದೇ ಬೇರು.

ಆ ವರ್ಷ ನಾನು ಎರಡು ಬಿಟ್ಟೆ. ಮಾಂಸ ಮತ್ತು ಕಾಫಿ. ಚರ್ಚಿನ ನಿಯಮ ಅಷ್ಟೇನೂ ಕಠಿಣ ಇಲ್ಲ. ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ ಒಪ್ಪೊತ್ತು. ಅದೂ 18ರಿಂದ 59 ವಯಸ್ಸಿನವರಿಗೆ. ಶುಕ್ರವಾರಗಳಲ್ಲಿ ಮಾಂಸ ಮುಟ್ಟುವ ಹಾಗಿಲ್ಲ. ಮಿಕ್ಕಿದ್ದು ಅವರವರ ಮನಸ್ಸು. ನಲವತ್ತು ದಿನ ಅನ್ನುತ್ತಾರೆ, ಆದರೆ ಬೂದಿ ಬುಧವಾರದಿಂದ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ ಎಣಿಸಿ ನೋಡಿ, 46 ಆಗುತ್ತದೆ. ನಡುವಿನ ಆರು ಭಾನುವಾರ ಲೆಕ್ಕಕ್ಕಿಲ್ಲ. ನನ್ನ ಗಂಡ ಆ ಆರು ಭಾನುವಾರಗಳನ್ನು ಬಹಳ ಭಕ್ತಿಯಿಂದ ಪಾಲಿಸುತ್ತಾರೆ. ನಾನು ಹಠಕ್ಕೆ ಬಿದ್ದವಳ ಹಾಗೆ 46ನ್ನೂ ಹಿಡಿದೆ.

ಅಮ್ಮ ಇರುವುದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಫೋನಿನಲ್ಲಿ ಹೇಳಿದಾಗ, "ಬಿಡೋದು ಬಿಟ್ಟೆ, ಸರಿ. ಅದನ್ನ ಎಷ್ಟು ಜನಕ್ಕೆ ಹೇಳಿದೀಯ?" ಅಂದಳು. ಆಗಲೇ ಆರೇಳು ಜನಕ್ಕೆ ಹೇಳಿಯಾಗಿತ್ತು.

ಚಿಕ್ಕಂದಿನಲ್ಲಿ ನಮಗೆ ತಪಸ್ಸುಕಾಲ ಅಂದರೆ ಹಲಸಿನ ಗುಜ್ಜೆ. ಕಾಫಿ ತೋಟಗಳಲ್ಲಿ ಹೂಮಳೆಗೆ ಕಾಯುವ ಹೊತ್ತಿಗೆ ಮರದ ಬುಡದಲ್ಲಿ ಗುಜ್ಜೆ ಜೋತಾಡುತ್ತಿರುತ್ತದೆ. ಅಮ್ಮ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಅದನ್ನು ಹೆಚ್ಚಿ, ಕೋಳಿಗೆ ಹಾಕುವ ಮಸಾಲೆಯನ್ನೇ ಅರೆದು ಹಾಕಿ ಬೇಯಿಸುತ್ತಿದ್ದಳು. ನಾವು ಮಕ್ಕಳು ಕಣ್ಣು ಮುಚ್ಚಿಕೊಂಡು ತಿಂದು ಇದು ರೆಕ್ಕೆ, ಇದು ತೊಡೆ ಅಂತ ಪಾಲು ಮಾಡುತ್ತಿದ್ದೆವು. ದೇವರಿಗೆ ಮೋಸ ಮಾಡಿದ ಹಾಗೆ ಆಗಲ್ವಾ ಅಂತ ಕೇಳಿದರೆ, ನಾಲಿಗೆಗೆ ಮೋಸ ಮಾಡ್ತಾ ಇದೀವಿ, ದೇವರಿಗಲ್ಲ ಅನ್ನುತ್ತಿದ್ದಳು. ಅಕ್ಕಿ ಬೇಯಲು ಹಾಕುವ ಮೊದಲು ಒಂದು ಮುಷ್ಟಿ ತೆಗೆದು ಬೇರೆ ಡಬ್ಬಿಗೆ ಹಾಕುವುದೂ ಅವಳ ರೂಢಿ. ಗರಿಗಳ ಭಾನುವಾರದ ಹೊತ್ತಿಗೆ ಡಬ್ಬಿ ತುಂಬುತ್ತಿತ್ತು. ಅದು ಯಾರ ಮನೆಗೆ ಹೋಗುತ್ತಿತ್ತು ಅಂತ ನಮಗೂ ಹೇಳುತ್ತಿರಲಿಲ್ಲ.

ಕಾಫಿ ಬಿಟ್ಟದ್ದು ಮೊದಲ ವಾರ ತಲೆನೋವು ಕೊಟ್ಟಿತು. ಆಮೇಲೆ ಏನೂ ಇಲ್ಲ. ಅದರ ಕಥೆ ಅಷ್ಟೇ.

ಮಾಂಸದ್ದು ಬೇರೆ. ನಮ್ಮ ಮನೆ ಗಾಂಧಿ ಬಜಾರಿನ ಹತ್ತಿರದ ಒಂದು ಬೀದಿಯಲ್ಲಿದೆ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಸಲ ಮಾರ್ಚ್ 12ರ ಮಂಗಳವಾರ ಶುರುವಾಯಿತು. ಅಮ್ಮನವರಿಗೆ ಗಾಂಧಿ ಬಜಾರು ತವರುಮನೆ. ಅಲ್ಲಿ ಒಂದು ದಿನ ಕೂತು, ರಾತ್ರಿ ಮೆರವಣಿಗೆಯಲ್ಲಿ ಕೋಟೆ ಗದ್ದುಗೆಗೆ ಹೋಗುತ್ತಾಳೆ. ತವರುಮನೆಯ ಬೀದಿಯವರಿಗೆ ಆ ದಿನಗಳ ಸಡಗರ ಹೇಳಬೇಕಾ? ಮನೆಮನೆಯಲ್ಲೂ ನೆಂಟರು. ಎಷ್ಟು ಜನ ಉಂಡು ಹೋದರು ಅನ್ನುವುದೇ ಮನೆಯ ಮರ್ಯಾದೆ. ಮಾರಿಹಬ್ಬಕ್ಕೆ ಕರೆದು ಹೋಗಲಿಲ್ಲ ಅಂದರೆ ಮಾತು ಮುಂದಿನ ಜಾತ್ರೆಯವರೆಗೂ ಉಳಿಯುತ್ತದೆ.

ಅದೇ ಮಂಗಳವಾರ ರಂಜಾನ್ ಉಪವಾಸವೂ ಶುರುವಾಗಿತ್ತು. ನಾವು ದಿನಸಿ ತರುವ ಅಂಗಡಿಯ ಭಾಯ್ ಆ ಬಿಸಿಲಲ್ಲಿ ಒಂದು ತೊಟ್ಟು ನೀರೂ ಮುಟ್ಟದೆ ಜಾತ್ರೆಗೆ ಬಂದವರಿಗೆಲ್ಲ ಬೆಲ್ಲ, ಬೇಳೆ ತೂಗುತ್ತಿದ್ದರು. ನಾನು ಅವರ ಹತ್ತಿರ ನಿಂತು ಕಾಫಿ ಬಿಟ್ಟಿದ್ದೀನಿ ಅಂದೆ. ಅವರು ತುಂಬ ಮರ್ಯಾದೆಯಿಂದ "ಒಳ್ಳೇದಮ್ಮಾ" ಅಂದರು.

ಪಕ್ಕದ ಮನೆ ಅಕ್ಕ ಅವತ್ತು ಸಂಜೆ ಬಂದವರು ಬಾಗಿಲಲ್ಲೇ ನಿಂತು ಹೇಳಿದರು. "ನಾಳೆ ಮಧ್ಯಾಹ್ನ ಒಲೆ ಹಚ್ಚಬೇಡ ಮಾರಾಯ್ತಿ. ಇಬ್ಬರೂ ನಮ್ಮಲ್ಲೇ ಊಟ. ಮರಿ ಹೊಡೆಸ್ತಾ ಇದೀವಿ." ನಾನು ಹೂಂ ಅಂದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ರಾತ್ರಿ ಎಲ್ಲ ಅದೇ ಯೋಚನೆ. ಬುಧವಾರ ಮಾಂಸ ತಿನ್ನಬಾರದು ಅಂತ ಚರ್ಚು ಹೇಳಿಲ್ಲ. ನಾನೇ ಹಾಕಿಕೊಂಡ ಗೆರೆ. ಆದರೆ ನಮ್ಮವರಲ್ಲೇ ಕೆಲವರು ಇನ್ನೊಂದು ಮಾತು ಎತ್ತುತ್ತಾರೆ, ಬಲಿ ಕೊಟ್ಟ ಮಾಂಸ ತಿನ್ನಬಹುದಾ ಅಂತ. ಇದು ಇವತ್ತಿನ ಪ್ರಶ್ನೆ ಏನಲ್ಲ. ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಇದು ಬರುತ್ತದೆ. ಬೇರೆಯವರು ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ ಅನ್ನುತ್ತಾನೆ. ಇದು ಬಲಿ ಕೊಟ್ಟದ್ದು ಅಂತ ಯಾರಾದರೂ ಹೇಳಿದರೆ ತಿನ್ನಬೇಡಿ ಅಂತಲೂ ಅನ್ನುತ್ತಾನೆ. ನನ್ನ ಭಯ ಇದ್ದದ್ದು ಇಲ್ಲೇ. ನಮಗೆ ತಪಸ್ಸುಕಾಲ, ಮಾಂಸ ಬಿಟ್ಟಿದ್ದೀನಿ ಅಂದರೆ, ಓ, ನಮ್ಮ ಅಮ್ಮನವರ ಹಬ್ಬದ ಊಟ ಇವಳಿಗೆ ಆಗಲ್ಲ, ಅದಕ್ಕೆ ನೆಪ ಹೇಳ್ತಾಳೆ ಅಂತ ಅಕ್ಕ ಅಂದುಕೊಂಡರೆ? ಎಂಟು ವರ್ಷದ ನೆರೆಮನೆ. ನನಗೆ ಡೆಂಗ್ಯೂ ಬಂದಾಗ ಹದಿನೈದು ದಿನ ಗಂಜಿ ಕಾಯಿಸಿ ತಂದವರು.

ಮತ್ತಾಯನೂ ತಲೆಯಲ್ಲಿ ಕೂತಿದ್ದ, ಉಪವಾಸ ತೋರಿಸಿಕೊಳ್ಳಬೇಡ ಅಂತ. ಆರೇಳು ಜನಕ್ಕೆ ಹೇಳುವಾಗ ನೆನಪಾಗದವನು ಸರಿಯಾಗಿ ಇಲ್ಲಿ ನೆನಪಾದ.

ಬುಧವಾರ ಹೋದೆವು. ಹಜಾರದಲ್ಲಿ ಸಾಲಾಗಿ ಎಲೆ ಹಾಕಿದ್ದರು. ಮೊದಲು ಹೋಳಿಗೆ ಬಂತು. ಬಿಸಿ ತುಪ್ಪ ಸುರಿದರು. ಬೆಳಗ್ಗೆಯಿಂದ ಕಾಫಿಯೂ ಇಲ್ಲದ ಹೊಟ್ಟೆ ನನ್ನದು. ಒಂದು ತಿಂದೆ, ಇನ್ನೊಂದು ಹಾಕಿದರು, ತಿಂದೆ. ಆಮೇಲೆ ಅಕ್ಕನೇ ಸಾರಿನ ಪಾತ್ರೆ ಹಿಡಿದು ಬಂದರು. ನಾನು ಎಲೆಯ ಮೇಲೆ ಕೈ ಅಡ್ಡ ಇಟ್ಟೆ.

"ಅಕ್ಕಾ, ನಂಗೆ ಹೊಟ್ಟೆ ಸರಿ ಇಲ್ಲ. ಬರೀ ಅನ್ನ ತಿಳಿಸಾರು ಇದ್ರೆ ಸಾಕು."

ಅಕ್ಕ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಯಾವಾಗಿಂದನೇ?" ಅಂದರು. "ನಿನ್ನೆಯಿಂದ" ಅಂದೆ. ಗಂಡ ಪಕ್ಕದಲ್ಲಿ ಎಲೆಯ ಮೇಲೆ ಬಗ್ಗಿ ಮೂಳೆ ಚೀಪುತ್ತಿದ್ದರು, ಸಹಾಯಕ್ಕೆ ಬರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಾಲ್ಕು ಗಂಟೆಗೆ ಅಕ್ಕ ಚೊಂಬಿನಲ್ಲಿ ಓಮದ ನೀರು ಹಿಡಿದು ಬಂದರು. ಮನೆ ತುಂಬ ನೆಂಟರು, ಇನ್ನೂ ಎರಡು ಪಂಕ್ತಿ ಊಟ ಬಾಕಿ. ನಾನು ಕುಡಿದು ಮುಗಿಸುವವರೆಗೂ ನಿಂತಿದ್ದರು. ರಾತ್ರಿ ಮೆಂತ್ಯ ಹಾಕಿದ ಮಜ್ಜಿಗೆ. ಗುರುವಾರ ಬೆಳಗ್ಗೆ ಗಂಜಿ, ಹುರಿದ ಒಣಮೆಣಸು. ಶುಕ್ರವಾರ ಅವರ ನಾದಿನಿ ಕೈಲಿ ದಾಳಿಂಬೆ ಸಿಪ್ಪೆ ಕಷಾಯ. ನನ್ನ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ ಇತ್ತು. ಕಷಾಯ ಕುಡಿದ ಮೇಲೆ ನಿಜಕ್ಕೂ ಕೆಟ್ಟಿತು. ಇದನ್ನು ಗಂಡನಿಗೂ ಹೇಳಿರಲಿಲ್ಲ.

ಮಾಂಸ ತಿಂದಿದ್ದರೆ ಒಂದು ದಿನದ ಹರಕೆ ತಪ್ಪುತ್ತಿತ್ತು. ಈಗ ದಿನಾ ಎದುರು ಸಿಕ್ಕಾಗ "ಹೇಗಿದೆಯೇ ಹೊಟ್ಟೆ?" ಅಂದರೆ, "ಪರವಾಗಿಲ್ಲ ಅಕ್ಕಾ" ಅಂತ ಹೊಸ ಸುಳ್ಳು. ಗೇಟಿನ ಹತ್ತಿರ ಅವರ ಸದ್ದು ಕೇಳಿದರೆ ಒಳಗೇ ಉಳಿಯುವುದನ್ನು ಕಲಿತೆ. ಶುಕ್ರವಾರ ಸಂಜೆ ಶಿಲುಬೆ ಹಾದಿಗೆ, ಅಂದರೆ ಯೇಸು ಶಿಲುಬೆ ಹೊತ್ತ ದಾರಿಯನ್ನು ನೆನೆಯುವ ಪ್ರಾರ್ಥನೆಗೆ, ಹೋದರೆ ಒಂದೊಂದು ಸ್ಥಳಕ್ಕೂ ಮೊಣಕಾಲೂರುವಾಗ ಓಮದ ವಾಸನೆ ಮೂಗಿಗೆ ಬಂದ ಹಾಗೆ ಆಗುತ್ತಿತ್ತು.

ಪಾಸ್ಕ ಯಾವತ್ತು ಅಂತ ನೋಡಲು ಅಮ್ಮ ಹುಣ್ಣಿಮೆ ಹುಡುಕುತ್ತಾಳೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಆ ವರ್ಷ ಹೋಳಿ ಹುಣ್ಣಿಮೆ 25ಕ್ಕೆ, ಸೋಮವಾರ. ಹಾಗಾಗಿ ಪಾಸ್ಕ 31ಕ್ಕೆ. ಹಿಂದಿನ ಭಾನುವಾರ ಗರಿ ಹಿಡಿದು ಸೇಕ್ರೆಡ್ ಹಾರ್ಟ್ ಚರ್ಚಿನ ಸುತ್ತ ಹೊಸಾನ್ನ ಹಾಡಿಕೊಂಡು ನಡೆದೆವು. ನಮ್ಮದು ಧರ್ಮಾಧ್ಯಕ್ಷರ ಚರ್ಚು. ಧರ್ಮಪ್ರಾಂತ್ಯ ಶುರುವಾದದ್ದು 1988ರಲ್ಲಿ. ಶಿವಮೊಗ್ಗದ ಜೊತೆಗೆ ದಾವಣಗೆರೆ, ಚಿತ್ರದುರ್ಗವೂ ಇದಕ್ಕೇ ಸೇರುತ್ತವೆ. ಇಷ್ಟು ದೊಡ್ಡ ಚರ್ಚು ಪವಿತ್ರ ವಾರದಲ್ಲಿ ತುಂಬಿ ಹೊರಗೂ ಜನ ನಿಲ್ಲುತ್ತಾರೆ. ಪಾಪನಿವೇದನೆಗೂ ಸಾಲು.

ನಾನೂ ಸಾಲಿನಲ್ಲಿ ನಿಂತೆ. ಒಳಗೆ ಮೊಣಕಾಲೂರಿ ಕೋಪ, ಸೋಮಾರಿತನ, ಜಪ ತಪ್ಪಿಸಿದ್ದು ಎಲ್ಲ ಹೇಳಿ ಕೊನೆಗೆ ಬೇಗ ಬೇಗ ಇದನ್ನೂ ಸೇರಿಸಿದೆ. ಗುರುಗಳು ಜಾಲರಿಯ ಆ ಕಡೆಯಿಂದ ಎಲ್ಲ ಬಿಟ್ಟು ಅದನ್ನೇ ಹಿಡಿದರು.

"ಆ ಅಕ್ಕನಿಗೆ ಹೇಳಿದ್ಯಾಮ್ಮ?"

"ಇಲ್ಲ ಸ್ವಾಮಿ."

"ಹೇಳು. ನನಗೆ ಹೇಳಿದರೆ ಅವರಿಗೆ ಕೇಳಿಸಲ್ಲ."

ಪ್ರಾಯಶ್ಚಿತ್ತಕ್ಕೆ ಹತ್ತು ಜಪ ಕೊಟ್ಟಿದ್ದರೆ ನಿಂತಲ್ಲೇ ಮುಗಿಸುತ್ತಿದ್ದೆ.

ಗುರುವಾರ ಮಧ್ಯಾಹ್ನ ಊರಿಗೆ ಹೊರಟೆ. ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್. ಸಕ್ರೆಬೈಲು, ಮಂಡಗದ್ದೆ ದಾಟುವಾಗ ನೋಡಿದರೆ ತುಂಗೆಯಲ್ಲಿ ಬಂಡೆಗಳೇ ಜಾಸ್ತಿ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಸಂಜೆ ನಮ್ಮೂರ ಸಣ್ಣ ಚರ್ಚಿನಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆದರು. ಹನ್ನೆರಡರಲ್ಲಿ ಒಬ್ಬರು ಅಡಿಕೆ ಕೊನೆ ತೆಗೆಯುವವರು, ಆ ಪಾದದಲ್ಲಿ ತೊಳೆದರೂ ಹೋಗದ ಕಲೆ. ಮಹಿಮೆಯ ಹಾಡಿಗೆ ಗಂಟೆ ಬಾರಿಸಿ ನಿಲ್ಲಿಸಿದರೆ ಮುಗಿಯಿತು, ಶನಿವಾರ ರಾತ್ರಿಯವರೆಗೆ ಗಂಟೆ ಇಲ್ಲ. ಪೀಠದ ಬಟ್ಟೆಯನ್ನೂ ತೆಗೆದುಬಿಡುತ್ತಾರೆ. ಬೋಳು ಪೀಠ ನೋಡಿದರೆ ನನಗೆ ಈಗಲೂ ಹೆಣ ಎತ್ತಿದ ಮನೆಯ ಹಾಗೆ ಅನ್ನಿಸುತ್ತದೆ.

ಶುಕ್ರವಾರ ಚರ್ಚಿನ ಹಿಂದಿನ ಗುಡ್ಡಕ್ಕೆ ಶಿಲುಬೆ ಹಾದಿ. ಹದಿನಾಲ್ಕು ಸ್ಥಳ. ಕಾಲ ಕೆಳಗೆ ತರಗೆಲೆ ಚರಚರ. ಚಿಕ್ಕಂದಿನಲ್ಲಿ ನಾನು ಪ್ರಾರ್ಥನೆಗಿಂತ ಸ್ಥಳಗಳನ್ನೇ ಎಣಿಸುತ್ತಿದ್ದೆ, ಹದಿನಾಲ್ಕಾದರೆ ಗಂಜಿ ಅಂತ. ಅದು ಈಗಲೂ ಹಾಗೇ. ಮೂರು ಗಂಟೆಯ ಆರಾಧನೆ ಮುಗಿದ ಮೇಲೆ ಚರ್ಚಿನಂಗಳದಲ್ಲಿ ಗಂಜಿ, ಹೆಸರುಕಾಳು ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ. ಇಡೀ ದಿನದ ಒಪ್ಪೊತ್ತಿನ ಮೇಲೆ ಆ ಮಿಡಿಯ ಸೊನೆ ವಾಸನೆ ಇದೆಯಲ್ಲ, ಅದಕ್ಕೆ ಸಮ ಯಾವ ಹಬ್ಬದೂಟವೂ ಇಲ್ಲ.

ಅಮ್ಮನಿಗೆ ಅಲ್ಲೇ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಮಿಡಿ ಕಚ್ಚುತ್ತಾ, "ಪಾಪ, ಅವರ ಓಮ ಎಷ್ಟು ದಂಡ ಆಯ್ತು" ಅಂದಳು.

ಶನಿವಾರ ಅಮ್ಮನನ್ನೂ, ಒಂದು ನಾಟಿ ಕೋಳಿಯನ್ನೂ, ಎರಡು ಗುಜ್ಜೆಯನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಬಂದೆ. ರಾತ್ರಿ ಜಾಗರಣೆಗೆ ಹೋದೆವು. ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ದೊಡ್ಡ ಪಾಸ್ಕ ಮೇಣದಬತ್ತಿಯ ಮೇಲೆ ಶಿಲುಬೆ, ಅದರ ಸುತ್ತ ವರ್ಷದ ನಾಲ್ಕು ಅಂಕಿ ಗುರುತು ಮಾಡುತ್ತಾರೆ. ಆ ಒಂದು ಬತ್ತಿಯಿಂದ ಪಕ್ಕದವರಿಗೆ, ಅವರಿಂದ ಇನ್ನೊಬ್ಬರಿಗೆ ಬೆಳಕು ದಾಟುತ್ತಾ ಕತ್ತಲ ಚರ್ಚು ನಿಧಾನ ತುಂಬಿಕೊಳ್ಳುತ್ತದೆ. 46 ದಿನ ಬಾಯಿಗೆ ಬಾರದ ಅಲ್ಲೆಲೂಯ ಎದ್ದಾಗ ಅಮ್ಮನ ಕೈಯ ಮೇಣ ನನ್ನ ಸೀರೆಗೆ ಬಿತ್ತು. ಆ ಕಲೆ ಇನ್ನೂ ಇದೆ.

ಪಾಸ್ಕದ ಬೆಳಗ್ಗೆ ಕಡುಬು, ಕೋಳಿ ಸಾರು. ಮೊದಲು ಒಂದು ಲೋಟ ಕಾಫಿ, ಅದನ್ನು ಮರೆಯುವ ಹಾಗಿಲ್ಲ. ಸಾರು ಇಳಿಸಿದ ಕೂಡಲೇ ಅಮ್ಮ ಒಂದು ಪಾತ್ರೆಗೆ ತುಂಬಿ, ಮೇಲೆ ಎಂಟು ಕಡುಬು ಇಟ್ಟು ನನ್ನ ಕೈಗೆ ಕೊಟ್ಟಳು. "ಹೋಗು" ಅಂದಳು, ಇನ್ನೇನೂ ಹೇಳಲಿಲ್ಲ.

ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಪಾತ್ರೆ ಕಟ್ಟೆಯ ಮೇಲಿಟ್ಟು ಒಂದೇ ಉಸಿರಿಗೆ ಹೇಳಿದೆ. ಹೊಟ್ಟೆ ಚೆನ್ನಾಗೇ ಇತ್ತು ಅಕ್ಕಾ, ನಮಗೆ ತಪಸ್ಸುಕಾಲ ಇತ್ತು, ಮಾಂಸ ಬಿಟ್ಟಿದ್ದೆ, ನೀವು ಬೇರೆ ಥರ ತಿಳ್ಕೋತೀರೇನೋ ಅಂತ ಸುಳ್ಳು ಹೇಳಿದೆ.

ಅಕ್ಕ ಕ್ಲಿಪ್ ಹಾಕುವುದನ್ನೂ ನಿಲ್ಲಿಸಲಿಲ್ಲ.

"ಗೊತ್ತಿತ್ತು ಮಾರಾಯ್ತಿ. ಹೊಟ್ಟೆ ಸರಿ ಇಲ್ಲದೋಳು ತುಪ್ಪ ಹಾಕ್ಕೊಂಡು ಎರಡು ಹೋಳಿಗೆ ತಿಂತಾಳಾ?"

"ಮತ್ತೆ ಆ ಕಷಾಯ?"

"ನೀನಾಗೇ ಹೇಳ್ತೀಯ ಅಂತ ಕಾದೆ. ನೀನು ಕುಡೀತಾನೇ ಹೋದೆ." ಆಮೇಲೆ ಪಾತ್ರೆಯ ಮುಚ್ಚಳ ಎತ್ತಿ ನೋಡಿ, "ಇದು ನಾಟಿ ಕೋಳಿನಾ?" ಅಂದರು.