ಅಪ್ಪನ ಆಪರೇಷನ್ ದಿನದ ಮೆಸೇಜುಗಳು

ಅಪ್ಪನ ಆಪರೇಷನ್ ದಿನ ನನ್ನ ಪಾಲಿಗೆ ಬಂದ ಕೆಲಸ ಒಂದೇ, ಎಲ್ಲರಿಗೂ ಸುದ್ದಿ ಮುಟ್ಟಿಸುವುದು. ಅಮ್ಮನಿಗೆ ಫೋನ್ ಹಿಡಿಯುವಷ್ಟು ಧೈರ್ಯ ಇರಲಿಲ್ಲ. ಅಕ್ಕ ವಿದೇಶದಲ್ಲಿ, ಚಿಕ್ಕಪ್ಪ ಬೇರೆ ಊರಿನಲ್ಲಿ. ಅಕ್ಕನ ಜೀವನವೆಲ್ಲ ವಾಟ್ಸಾಪಿನಲ್ಲಿ. ಚಿಕ್ಕಪ್ಪನ ಹತ್ತಿರ ಇರುವುದು ಕೀಪ್ಯಾಡ್ ಫೋನ್. ಕಿವಿ ಸ್ವಲ್ಪ ಮಂದ, ಕರೆ ಮಾಡಿದರೆ ಅರ್ಧ ಮಾತು ಕೇಳಿಸುವುದಿಲ್ಲ. ಹಾಗಾಗಿ ಅವರಿಗೆ ಎಸ್ಸೆಮ್ಮೆಸ್ಸೇ ಆಗಬೇಕು, ಅದೂ ಕನ್ನಡದಲ್ಲಿ.

ಬೆಳಗ್ಗೆ ಎಲ್ಲ ಸಲೀಸಾಗಿ ನಡೆಯಿತು. ಸ್ಕ್ಯಾನಿಂಗ್ ರಿಪೋರ್ಟಿನ ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. ಡಾಕ್ಟರು ಹೇಳಿದ್ದನ್ನು ಮರೆಯುವ ಮುಂಚೆ ವಾಯ್ಸ್ ಮೆಸೇಜ್ ಮಾಡಿದೆ. ಅವಳು ತನಗೆ ಗೊತ್ತಿರುವ ಡಾಕ್ಟರಿಗೆ ಅದನ್ನೆಲ್ಲ ತೋರಿಸಿ, ಏನೇನು ಕೇಳಬೇಕು ಅಂತ ಬರೆದು ಕಳಿಸಿದಳು. ಆ ಪ್ರಶ್ನೆಗಳು ನನಗೆ ಹೊಳೆಯುತ್ತಲೇ ಇರಲಿಲ್ಲ.

ಇದು ಎಸ್ಸೆಮ್ಮೆಸ್ಸಿನಲ್ಲಿ ಆಗದ ಮಾತು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಸುವುದು ಬರೀ 140 ಬೈಟ್. ಒಂದು ಎಂಬಿ ಫೋಟೊ ಅಂದರೆ 7,000ಕ್ಕೂ ಜಾಸ್ತಿ ಎಸ್ಸೆಮ್ಮೆಸ್ಸುಗಳ ಭಾರ. ಇನ್ನೂ ಒಂದು ಮಾತಿದೆ. ಅಪ್ಪನ ರಿಪೋರ್ಟು ಕಂಡಕಂಡವರ ಕಣ್ಣಿಗೆ ಬೀಳುವುದು ನನಗೆ ಇಷ್ಟವಿರಲಿಲ್ಲ. ವಾಟ್ಸಾಪಿನಲ್ಲಿ 2016ರಿಂದ ಮೆಸೇಜುಗಳು ಕಳಿಸುವವರ ಫೋನಿನಲ್ಲೇ ಲಾಕ್ ಆಗಿ, ಓದುವವರ ಫೋನಿನಲ್ಲೇ ಬಿಚ್ಚಿಕೊಳ್ಳುತ್ತವೆ. ಎಸ್ಸೆಮ್ಮೆಸ್ಸಿಗೆ ಆ ಬಗೆಯ ಬೀಗವಿಲ್ಲ. ಅದು ಮೊಬೈಲ್ ಕಂಪನಿಯ ಕಂಪ್ಯೂಟರುಗಳನ್ನು ಹಾದು ಹೋಗುವಾಗ ಅಲ್ಲಿ ಓದುವುದು ಸಾಧ್ಯ.

ಆಪರೇಷನ್ ಥಿಯೇಟರ್ ಇದ್ದದ್ದು ಬೇಸ್‌ಮೆಂಟಿನಲ್ಲಿ. ಕಾಯುವವರಿಗೂ ಅಲ್ಲೇ ಕುರ್ಚಿ ಹಾಕಿದ್ದರು. ಇಳಿದು ಹೋಗುತ್ತಿದ್ದಂತೆ ಸಿಗ್ನಲ್ ಒಂದೇ ಕಡ್ಡಿಗೆ ಬಂತು. ಆಮೇಲೆ ಅದೂ ಬರುವುದು, ಹೋಗುವುದು. ಇಂಟರ್ನೆಟ್ ಅಂತೂ ಇಲ್ಲವೇ ಇಲ್ಲ. ಮೇಲೆ ಹೋಗಿ ಬರೋಣ ಅಂದರೆ, ಯಾವ ಕ್ಷಣದಲ್ಲಿ ಹೆಸರು ಕೂಗುತ್ತಾರೋ ಗೊತ್ತಿಲ್ಲ. ಅಮ್ಮನನ್ನು ಒಬ್ಬರನ್ನೇ ಬಿಟ್ಟು ಏಳಲು ಮನಸ್ಸು ಬರಲಿಲ್ಲ.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತು ಅಂದರು. ಅಮ್ಮ ಅಲ್ಲೇ ಕೂತು ಅತ್ತರು. ನಾನು ವಾಟ್ಸಾಪ್ ತೆಗೆದು ಅಕ್ಕನಿಗೆ ಬರೆದೆ. ಮೆಸೇಜಿನ ಪಕ್ಕ ಪುಟ್ಟ ಗಡಿಯಾರದ ಗುರುತು ಬಂತು. ಒಂದು ಟಿಕ್ ಬಿದ್ದರೆ ಸರ್ವರಿಗಾದರೂ ಹೋಗಿದೆ ಅಂತ ಅರ್ಥ. ಗಡಿಯಾರ ಅಂದರೆ ಮೆಸೇಜು ಇನ್ನೂ ನನ್ನ ಕೈಯಲ್ಲೇ ಇದೆ. ಅಲ್ಲಿ ಅವಳು ಎಷ್ಟು ಹೊತ್ತಿನಿಂದ ಫೋನ್ ನೋಡುತ್ತ ಕೂತಿದ್ದಾಳೋ!

ಸರಿ, ಎಸ್ಸೆಮ್ಮೆಸ್ ಮಾಡೋಣ ಅಂತ ಚಿಕ್ಕಪ್ಪನಿಗೆ ಬರೆಯಲು ಕೂತೆ. "ಆಪರೇಷನ್ ಮುಗಿಯಿತು. ಅಪ್ಪ ಚೆನ್ನಾಗಿದ್ದಾರೆ. ಸಂಜೆ ವಾರ್ಡಿಗೆ ತರುತ್ತಾರೆ. ಗಾಬರಿ ಬೇಡ." ಇಷ್ಟೇ. ಪಕ್ಕದ ಲೆಕ್ಕ ನೋಡಿದರೆ ಇದು ಎರಡು ಮೆಸೇಜು ಅಂತ ತೋರಿಸುತ್ತಿದೆ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಸಿಗುತ್ತದೆ. ಕನ್ನಡಕ್ಕೆ ಸಿಗುವುದು 70. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಚೆನ್ನಾಗಿದ್ದಾರೆ' ನಮ್ಮ ಕಣ್ಣಿಗೆ ಐದೇ ಅಕ್ಷರ, ಫೋನಿನ ಲೆಕ್ಕದಲ್ಲಿ ಹದಿನಾಲ್ಕು. 'ಸಂಜೆ' ತೆಗೆದರೆ ಒಂದೇ ಮೆಸೇಜಿನಲ್ಲಿ ಮುಗಿಯುತ್ತಿತ್ತು. ಆದರೆ ಯಾವಾಗ ವಾರ್ಡಿಗೆ ಬರುತ್ತಾರೆ ಅಂತ ಚಿಕ್ಕಪ್ಪ ರಾತ್ರಿಯೆಲ್ಲ ಯೋಚನೆ ಮಾಡುತ್ತಾರೆ. 'ಗಾಬರಿ ಬೇಡ' ತೆಗೆಯಲು ನನಗೇ ಮನಸ್ಸಿಲ್ಲ. ಎರಡರ ದುಡ್ಡು ಹೋದರೆ ಹೋಗಲಿ ಅಂತ ಹಾಗೇ ಒತ್ತಿದೆ.

ಹೋಯಿತು! ಸ್ವಲ್ಪ ಹೊತ್ತಿಗೆ ತಲುಪಿದೆ ಅಂತ ಡೆಲಿವರಿ ರಿಪೋರ್ಟೂ ಬಂತು. ಇದರಲ್ಲಿ ಮಾಯ ಏನಿಲ್ಲ. ಆ್ಯಪ್ ಒಂದು ಮೆಸೇಜು ಕಳಿಸಬೇಕಾದರೆ ಮೊದಲು ಇಂಟರ್ನೆಟ್ ಸಿಗಬೇಕು, ಸರ್ವರಿನ ಜೊತೆ ನಾಲ್ಕಾರು ಸಲ ಮಾತುಕತೆ ಆಗಬೇಕು, ಅಲ್ಲಿಯತನಕ ಸಂಪರ್ಕ ತಪ್ಪಬಾರದು. ಎಸ್ಸೆಮ್ಮೆಸ್ ಹಾಗಲ್ಲ. ಫೋನೂ ಟವರೂ ತಮ್ಮ ಕೆಲಸಕ್ಕೆ ಅಂತ ಮಾತಾಡಿಕೊಳ್ಳುವ ದಾರಿ ಒಂದಿರುತ್ತದೆ, ಕರೆ ಬಂದಿದೆ, ಇಲ್ಲಿದ್ದೇನೆ ಅಂತೆಲ್ಲ. ಎಸ್ಸೆಮ್ಮೆಸ್ಸನ್ನು ಕಟ್ಟಿದ್ದೇ ಆ ದಾರಿಯ ಮೇಲೆ. ಅಷ್ಟು ಚಿಕ್ಕದಾದ್ದರಿಂದ ಸಿಗ್ನಲ್ ಒಂದು ಗಳಿಗೆ ಬಂದರೂ ನುಸುಳಿಕೊಂಡು ಹೋಗುತ್ತದೆ.

ಈ ಮಾತಿಗೇ ನನಗೆ ಸಿಟ್ಟೂ ಬರುತ್ತದೆ. ಹೇಗೂ ಇರುವ ದಾರಿಯಲ್ಲಿ 140 ಬೈಟ್ ಸಾಗಿಸಲು ಕಂಪನಿಗಳು ವರ್ಷಗಟ್ಟಲೆ ಒಂದೊಂದು ಮೆಸೇಜಿಗೂ ದುಡ್ಡು ಎಣಿಸಿಕೊಂಡವು. ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ. ವಾಟ್ಸಾಪ್ ಬಂದದ್ದು 2009ರಲ್ಲಿ. ನಡುವಿನ ಆ ಕಾಲದಲ್ಲಿ ದೂರ ಇದ್ದವರಿಗೆ ನಾಲ್ಕು ಮಾತು ಹೆಚ್ಚಿಗೆ ಬರೆಯಬೇಕಾದರೂ ಜನ ಬ್ಯಾಲೆನ್ಸ್ ನೋಡಬೇಕಿತ್ತು. ಅಕ್ಕ ವಿದೇಶಕ್ಕೆ ಹೋದ ಹೊಸದರಲ್ಲಿ ಅಮ್ಮ "ಊಟ ಆಯ್ತಾ" ಅಂತ ಕೇಳಲೂ ಹಿಂದೆ ಮುಂದೆ ನೋಡುತ್ತಿದ್ದರು. ಆ್ಯಪುಗಳು ಬಂದು ಆ ಲೆಕ್ಕಾಚಾರವನ್ನು ಮುರಿದವು, ಒಳ್ಳೆಯದೇ ಆಯಿತು.

ಅವತ್ತು ಅಕ್ಕನಿಗೂ ಅದೇ ಎಸ್ಸೆಮ್ಮೆಸ್ ಹಾಕಿದೆ. ವಿದೇಶದ ದರ ಬೇರೆ, ಯೋಚಿಸಲಿಲ್ಲ. ಅದೂ ತಲುಪಿತು. ಚಿಕ್ಕಪ್ಪನಿಂದ ಉತ್ತರ ಬಂತು, "ಸರಿ. ನಾಳೆ ಬರುತ್ತೇನೆ." ಅಕ್ಕನಿಂದ ಏನೂ ಇಲ್ಲ.

ಸಂಜೆ ಅಪ್ಪನ ಜೊತೆ ಮೇಲೆ ಬಂದಾಗ ಫೋನಿಗೆ ಜೀವ ಬಂತು. ಗಡಿಯಾರ ಹೋಗಿ ಎರಡು ಟಿಕ್ ಬಿತ್ತು, ಆ ಕೂಡಲೇ ನೀಲಿಯಾಯಿತು. ಅಕ್ಕನ ಮೆಸೇಜುಗಳು ಸಾಲಾಗಿ ಬಂದವು. "ಎಲ್ಲೋ ಇದ್ದೆ ಇಷ್ಟು ಹೊತ್ತು?" ಎಸ್ಸೆಮ್ಮೆಸ್ ನೋಡಲಿಲ್ಲವಾ ಅಂತ ಕೇಳಿದೆ. ಹುಡುಕಿದಳು. ಮಧ್ಯಾಹ್ನವೇ ಬಂದು ಕೂತಿತ್ತು. ಅದರ ಮೇಲೆ ಒಟಿಪಿ, ಸಾಲ ಕೊಡುತ್ತೇವೆ ಅನ್ನುವ ಜಾಹೀರಾತು, ಬ್ಯಾಂಕಿನ ಲೆಕ್ಕ. "ಎಸ್ಸೆಮ್ಮೆಸ್ ಬಂದ ಸದ್ದು ಕೇಳಿಸ್ತು ಕಣೋ, ಬ್ಯಾಂಕಿಂದು ಇರಬೇಕು ಅಂತ ಸುಮ್ನಾದೆ" ಅಂದಳು.

ನನಗೆ ಜಾಸ್ತಿ ಬೇಜಾರಾದದ್ದು ಇದಕ್ಕೆ. ಬೇಸ್‌ಮೆಂಟಿನಿಂದ ಅಷ್ಟು ದೂರದ ದೇಶಕ್ಕೆ ಹೋಗಿ ಮುಟ್ಟಿದ ಸುದ್ದಿ, ಅವಳ ಜೇಬಿನಲ್ಲೇ ಇದ್ದೂ ಕಾಣಲಿಲ್ಲ. ಮನುಷ್ಯರು ಆ ಪೆಟ್ಟಿಗೆ ಬಿಟ್ಟು ಆ್ಯಪಿಗೆ ಹೋದ ಮೇಲೆ ಅಲ್ಲಿ ಉಳಿದದ್ದು ಕಂಪನಿಗಳ ಗದ್ದಲ. ಇಂಟರ್ನೆಟ್ ಕೈಕೊಟ್ಟ ಹೊತ್ತಿನಲ್ಲಿ ನಮಗೆ ಉಳಿಯುವ ದಾರಿ ಅದೇ ಅಲ್ವಾ? ಅದನ್ನು ಜಾಹೀರಾತು ತುಂಬಿ ಹಾಳು ಮಾಡುವುದು ಸರಿಯಲ್ಲ.

ಅಪ್ಪ ಮನೆಗೆ ಬಂದ ಮೇಲೆ ಅಕ್ಕ ತನ್ನ ಫೋನಿನಲ್ಲಿ ನಮ್ಮ ಮನೆಯವರ ಎಸ್ಸೆಮ್ಮೆಸ್ಸಿಗೆ ಮಾತ್ರ ಬೇರೆ ಟೋನ್ ಇಟ್ಟಳು. ಜಾಹೀರಾತು ಕಳಿಸುವ ನಂಬರುಗಳನ್ನು ಒಂದೊಂದಾಗಿ ಬ್ಲಾಕ್ ಮಾಡಿದಳು. ಅಪ್ಪನ ದಿನದಿನದ ಫೋಟೊ, ಮಾತ್ರೆ ಚೀಟಿ, ವಿಡಿಯೊ ಕಾಲ್ ಎಲ್ಲ ಈಗಲೂ ಆ್ಯಪಿನಲ್ಲೇ. ಚಿಕ್ಕಪ್ಪನಿಗೆ ಪ್ರತಿ ಭಾನುವಾರ ಎಸ್ಸೆಮ್ಮೆಸ್ ಹೋಗುತ್ತದೆ, ಎಪ್ಪತ್ತು ದಾಟಿದರೂ ನಾನು ಕತ್ತರಿಸಲು ಹೋಗುವುದಿಲ್ಲ.